ಪಿಕಪ್‌ನ ಚೆಕ್ ಎಂಜಿನ್ ಲೈಟ್ ಮತ್ತು ಭೋಸರಿಯ ಬೋರ್ಡ್ ಇಲ್ಲದ ಗ್ಯಾರೇಜ್

ಪುಣೆ, ಪಿಂಪ್ರಿ-ಚಿಂಚ್‌ವಡ ಕಡೆ ಡೀಸೆಲ್ ಪಿಕಪ್ ಇಟ್ಟುಕೊಂಡಿರುವ ಕನ್ನಡದವರು ಇದನ್ನು ಪೂರ್ತಿ ಓದಿ. ಚೆಕ್ ಎಂಜಿನ್ ಲೈಟ್ (ಎಂಜಿನ್‌ನಲ್ಲಿ ದೋಷ ಇದೆ ಅಂತ ಡ್ಯಾಶ್‌ಬೋರ್ಡ್‌ನಲ್ಲಿ ಉರಿಯುವ ಹಳದಿ ದೀಪ) ಆರಿಸಿ ಕಳಿಸುವ ಗ್ಯಾರೇಜ್‌ಗಳು ಇಲ್ಲಿ ಬೇಕಾದಷ್ಟಿವೆ. ಅದು ಯಾಕೆ ಉರಿಯಿತು ಅಂತ ಕೂತು ಹುಡುಕುವವರು ತುಂಬಾ ಕಡಿಮೆ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಳಗಿನ ಒಂದು ಗಲ್ಲಿಯಲ್ಲಿ ಅಂಥ ಒಬ್ಬರು ಸಿಕ್ಕಿದ್ದಾರೆ. ವಿಜಯಪುರ ಕಡೆಯವರು. ಹೆಸರು, ನಂಬರ್ ಹಾಕಬೇಡಿ ಅಂದಿದ್ದಾರೆ, ಇರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಹಾಗಾಗಿ ಇಲ್ಲಿ ಮಿಸ್ತ್ರಿ ಅಂತಲೇ ಬರೆಯುತ್ತೇನೆ.

ನಮ್ಮದು ಅಡುಗೆ ಕಂಟ್ರಾಕ್ಟ್. ಮದುವೆ, ಮುಂಜಿ, ಗೃಹಪ್ರವೇಶ, ಜೇಜುರಿಯಲ್ಲಿ ಹರಕೆ ತೀರಿಸುವವರ ಊಟ. ಜೇಜುರಿಯ ಖಂಡೋಬ ನಮ್ಮವರಿಗೆ ಮೈಲಾರಲಿಂಗನೇ ಅಲ್ವಾ, ಹಾಗಾಗಿ ಆ ಕಡೆ ಕೆಲಸ ಜಾಸ್ತಿ. ಗಾಡಿ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್. ವಾರವೆಲ್ಲ ಕಾಸರವಾಡಿಯ ಗೋಡೌನ್‌ನಿಂದ ಮಾರ್ಕೆಟ್ ಯಾರ್ಡ್‌ಗೆ, ಅಲ್ಲಿಂದ ಹಾಲ್‌ಗಳಿಗೆ, ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡುತ್ತದೆ. ಕೆಲಸ ಇದ್ದಾಗ ಕೊಪ್ಪರಿಗೆ, ಸಿಲಿಂಡರ್, ಅಕ್ಕಿ ಮೂಟೆ ತುಂಬಿಕೊಂಡು ದಿವೆ ಘಾಟ್ ಹತ್ತಿ ಸಾಸವಡ, ಜೇಜುರಿ ಕಡೆ ಹೋಗುತ್ತದೆ.

ತೊಂದರೆ ಶುರುವಾಗಿದ್ದು ಆ ಘಾಟ್‌ನಲ್ಲೇ. ಏರಿನ ಮಧ್ಯೆ ಹಳದಿ ಎಂಜಿನ್ ಲೈಟ್ ಬರುತ್ತಿತ್ತು, ಅದರ ಹಿಂದೆಯೇ ಗಾಡಿ ಸತ್ತ ಹಾಗೆ ಆಗುತ್ತಿತ್ತು, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆಯುವುದಿಲ್ಲ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ, ಎಂಜಿನ್‌ಗೆ ಏಟಾಗದಿರಲಿ ಅಂತ ಕಂಪ್ಯೂಟರೇ ಶಕ್ತಿ ಕಡಿಮೆ ಮಾಡುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಕೀ ತೆಗೆದು, ಮತ್ತೆ ಸ್ಟಾರ್ಟ್ ಮಾಡಿದರೆ ಶಕ್ತಿ ವಾಪಸ್ ಬರುತ್ತಿತ್ತು, ಲೈಟ್ ಮಾತ್ರ ಹಾಗೇ ಉಳಿಯುತ್ತಿತ್ತು. ಸಿಟಿಯಲ್ಲಿ ಓಡಿಸುತ್ತಾ ಇದ್ದರೆ ಕೆಲವು ದಿನಕ್ಕೆ ತಾನಾಗಿಯೇ ಆರುತ್ತಿತ್ತು. ಮುಂದಿನ ಘಾಟ್‌ನಲ್ಲಿ ಮತ್ತೆ ಹಾಜರ್.

ಮೊದಲು ತೋರಿಸಿದ ವರ್ಕ್‌ಶಾಪ್‌ನಲ್ಲಿ ಸ್ಕ್ಯಾನರ್ ಹಾಕಿ, ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ನಂಬರ್, ಅಂದರೆ ಕೋಡ್, ಅಳಿಸಿ ಕಳಿಸಿದರು. ಲೈಟ್ ಮತ್ತೆ ಬಂತು. ಇನ್ನೊಂದು ಕಡೆ ಕೋಡ್ ಪಿ0299 ಅಂತ ನೋಡಿದ ಕೂಡಲೇ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗಿದೆ, ಪೂರ್ತಿ ಬದಲಾಯಿಸಬೇಕು ಅಂದರು, 50 ಸಾವಿರ ದಾಟುವ ಅಂದಾಜು ಕೊಟ್ಟರು. ಗಾಡಿಯನ್ನು ಲೋಡ್‌ನಲ್ಲಿ ಓಡಿಸಿ ನೋಡಲಿಲ್ಲ. ಒಂದು ಪೈಪ್ ಕೂಡ ಬಿಚ್ಚಿ ನೋಡಲಿಲ್ಲ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇದಕ್ಕೆ. ಪಿ0299 ಅಂದರೆ ಟರ್ಬೊದಿಂದ ಎಂಜಿನ್‌ಗೆ ಬರಬೇಕಾದಷ್ಟು ಗಾಳಿಯ ಒತ್ತಡ ಬರುತ್ತಿಲ್ಲ ಅಂತ ಅಷ್ಟೇ. ಯಾಕೆ ಬರುತ್ತಿಲ್ಲ ಅಂತ ಕೋಡ್ ಹೇಳುವುದಿಲ್ಲ. ಟರ್ಬೊ ಕೆಟ್ಟಿರಬಹುದು, ಪೈಪ್ ಸೋರುತ್ತಿರಬಹುದು, ಒತ್ತಡ ಅಳೆಯುವ ಸೆನ್ಸರ್ ತಪ್ಪು ಹೇಳುತ್ತಿರಬಹುದು, ಟರ್ಬೊದ ಒತ್ತಡವನ್ನು ಹಿಡಿತದಲ್ಲಿಡುವ ಆಕ್ಚುಯೇಟರ್ ಜಾಮ್ ಆಗಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಇಲಿ ವೈರ್ ಕಡಿದಿರಬಹುದು. ದೊಡ್ಡ ಒಲೆಯಲ್ಲಿ ಉರಿ ಕಡಿಮೆ ಆದರೆ ನಾವು ಒಲೆ ಬದಲಾಯಿಸುತ್ತೇವಾ? ಮೊದಲು ಸಿಲಿಂಡರ್‌ನಿಂದ ಬರುವ ಪೈಪ್ ನೋಡುತ್ತೇವೆ.

ಮಿಸ್ತ್ರಿ ಹತ್ತಿರ ಕಳಿಸಿದ್ದು ನಮಗೆ ತರಕಾರಿ ಕೊಡುವವರು. ಫೋನ್‌ನಲ್ಲೇ ಅವರು ಎರಡು ಮಾತು ಹೇಳಿದರು. ಕೋಡ್ ಅಳಿಸದೆ ತರಬೇಕು. ಖಾಲಿ ಗಾಡಿ ತರಬಾರದು, ಲೋಡ್ ಹಾಕಿಕೊಂಡು ಬರಬೇಕು.

"ಲೈಟ್ ಆರ್ಸೂದು ಎರಡ ನಿಮಿಷದ ಕೆಲಸ ರೀ ಸರ. ಆದ್ರ ಅದು ಯಾಕ ಹತ್ತೇತಿ ಅನ್ನೂದು ಅದರಾಗ ಬರದಿರ್ತೈತಿ. ಅಳಿಸಿ ತಂದ್ರ ನಾ ಏನ್ ಓದ್ಲಿ?"

ಬರೆದಿರುತ್ತದೆ ಅಂದಿದ್ದು ಫ್ರೀಜ್ ಫ್ರೇಮ್ ಬಗ್ಗೆ. ದೋಷ ದಾಖಲಾದ ಆ ಕ್ಷಣದಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಎಷ್ಟು ಲೋಡ್, ಎಷ್ಟು ವೇಗ, ಕೂಲಂಟ್ ಎಷ್ಟು ಬಿಸಿ, ಇದನ್ನೆಲ್ಲ ಕಂಪ್ಯೂಟರ್ ಕೋಡ್ ಜೊತೆಗೇ ಇಟ್ಟುಕೊಂಡಿರುತ್ತದೆ. ಕೋಡ್ ಅಳಿಸಿದರೆ ಇದೂ ಹೋಗುತ್ತದೆ. ಬ್ಯಾಟರಿ ವೈರ್ ತೆಗೆದು ಲೈಟ್ ಆರಿಸುವವರಿದ್ದಾರಲ್ಲ, ಅವರ ಕೈಯಲ್ಲೂ ಸಾಮಾನ್ಯವಾಗಿ ಇದೇ ಗತಿ. ಸಾಕ್ಷಿಯನ್ನೇ ಒರೆಸಿಬಿಟ್ಟು ಆಮೇಲೆ ಕಳ್ಳನನ್ನು ಹುಡುಕುವುದು ಹೇಗೆ?

ಲೈಟ್ ತಾನಾಗಿಯೇ ಆರಿ ಮತ್ತೆ ಬರುವುದಕ್ಕೂ ಕಾರಣ ಇದೆ, ಇದನ್ನು ಅವರೇ ಬಿಡಿಸಿ ಹೇಳಿದರು. ಬಹಳಷ್ಟು ದೋಷಗಳಿಗೆ ಮೊದಲ ಸಲಕ್ಕೇ ಲೈಟ್ ಬರುವುದಿಲ್ಲ. ಮೊದಲ ಸಲ ಅದು ಪೆಂಡಿಂಗ್ ಕೋಡ್ ಆಗಿ ಒಳಗೆ ಕೂರುತ್ತದೆ, ಮುಂದಿನ ಓಡಾಟದಲ್ಲೂ ಅದೇ ಕಂಡರೆ ಆಗ ಲೈಟ್. ನಂತರ ಸತತ ಮೂರು ಓಡಾಟಗಳಲ್ಲಿ ಪರೀಕ್ಷೆ ಪಾಸಾದರೆ ಲೈಟ್ ಆರುತ್ತದೆ, ಆದರೆ ಕೋಡ್ ಅಳಿಯುವುದಿಲ್ಲ. ಅದು ಅಳಿಯಲು ಎಂಜಿನ್ ತಣ್ಣಗಿನಿಂದ ಬಿಸಿಯಾಗುವ 40 ಸುತ್ತು ಬೇಕು. ಅಂದರೆ ಲೈಟ್ ಆರಿದೆ ಅಂದ ಮಾತ್ರಕ್ಕೆ ಗಾಡಿ ಸರಿಹೋಗಿದೆ ಅಂತ ಅಲ್ಲ. ಸಿಟಿಯಲ್ಲಿ ಎಂಜಿನ್‌ಗೆ ಅಷ್ಟು ಭಾರ ಬೀಳುವುದೇ ಇಲ್ಲ, ಹಾಗಾಗಿ ಪರೀಕ್ಷೆ ಪಾಸ್. ಘಾಟ್‌ನಲ್ಲಿ ಫೇಲ್.

ನಮ್ಮ ಗಾಡಿಯ ಫ್ರೀಜ್ ಫ್ರೇಮ್ ನೋಡಿದಾಗ ಎಲ್ಲ ಸ್ಪಷ್ಟವಾಗಿತ್ತು. 2300 ಆರ್‌ಪಿಎಂ ಹತ್ತಿರ, ಲೋಡ್ ಶೇಕಡ 90ರ ಮೇಲೆ, ಎಂಜಿನ್ ಪೂರ್ತಿ ಬಿಸಿ, ವೇಗ ಕಡಿಮೆ. ಏರು ಹತ್ತುವಾಗಿನ ಲೆಕ್ಕ ಅದು. ಹಿಂದಿನ ಎರಡೂ ಕಡೆ ಗಾಡಿಯನ್ನು ನಿಂತಲ್ಲೇ ರೇಸ್ ಮಾಡಿ ನೋಡಿದ್ದರು. ನಿಂತ ಗಾಡಿಯಲ್ಲಿ ಈ ದೋಷ ಸಿಗುವುದೇ ಇಲ್ಲ.

ಆಮೇಲೆ ಅವರು ಮಾಡಿದ್ದು ನನಗೆ ತುಂಬಾ ಹಿಡಿಸಿತು. ಎಂಜಿನ್ ಆಫ್, ಕೀ ಮಾತ್ರ ಆನ್. ಆಗ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರದ ಮಟ್ಟದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 95ರ ಆಸುಪಾಸು ಬರಬೇಕು. ಬಂತು. "ಸೆನ್ಸರ್ ಖರೇ ಹೇಳಾಕತ್ತೈತ್ರಿ" ಅಂತ ಅದನ್ನು ಪಟ್ಟಿಯಿಂದ ತೆಗೆದರು. ಒಂದು ರೂಪಾಯಿ ಖರ್ಚಿಲ್ಲದೆ ಒಂದು ಪಾರ್ಟ್ ಮೇಲಿನ ಅನುಮಾನ ಹೋಯಿತು. ಇದನ್ನು ಮಾಡದೆ ಸೆನ್ಸರ್ ಬದಲಾಯಿಸುವವರು ಎಷ್ಟು ಜನ ಇದ್ದಾರೋ.

ನಂತರ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ ಪಿನ್‌ಗಳಲ್ಲಿ ಹಸಿರು ಕಿಲುಬು ಇದೆಯಾ ನೋಡಿದರು. ಮಳೆಗಾಲ ಕಳೆದ ಮೇಲೆ ಇದು ಮಾಮೂಲಂತೆ. ಇಲಿ ಕಡಿದ ಗುರುತು ಹುಡುಕಿದರು. ಏರ್ ಫಿಲ್ಟರ್ ತೆಗೆದು ನೋಡಿದರು. ಟರ್ಬೊದ ಇನ್‌ಟೇಕ್ ಕಡೆಯ ಪೈಪ್ ಬಿಚ್ಚಿ, ಒಳಗಿನ ಶಾಫ್ಟ್ ಹಿಡಿದು ಅಲುಗಾಡಿಸಿ, ನನ್ನ ಕೈಯಲ್ಲೂ ಹಿಡಿಸಿ ತೋರಿಸಿದರು. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ, ಹಿಂದೆ ಮುಂದೆ ಆಡಬಾರದು, ರೆಕ್ಕೆಗಳು ಗೋಡೆಗೆ ತಾಗಿದ ಗೆರೆ ಇರಬಾರದು. ಯಾವುದೂ ಇರಲಿಲ್ಲ.

"ಟರ್ಬೊ ಆರಾಮ ಐತ್ರಿ. ಗಾಳಿ ಎಲ್ಲೋ ಹೊಂಟೈತಿ."

50 ಸಾವಿರದ ಮಾತು ಅಲ್ಲಿಗೆ ಮುಗಿಯಿತು.

ಅಲ್ಲಿಂದ ಲೋಡ್ ಸಮೇತ ಟೆಸ್ಟ್ ಡ್ರೈವ್. ಭೋಸರಿ ಫ್ಲೈಓವರ್ ಏರಿನಲ್ಲಿ ಮೂರನೇ ಗೇರ್, ಆಕ್ಸಿಲರೇಟರ್ ಪೂರ್ತಿ. ಪಕ್ಕದಲ್ಲಿ ಹುಡುಗ ಸ್ಕ್ಯಾನರ್ ಹಿಡಿದು ಎರಡು ಗೆರೆ ನೋಡುತ್ತಿದ್ದ. ಒಂದು ಕಂಪ್ಯೂಟರ್ ಕೇಳುತ್ತಿರುವ ಒತ್ತಡ, ಇನ್ನೊಂದು ನಿಜವಾಗಿ ಬರುತ್ತಿರುವುದು. ಕೇಳಿದ್ದು 210 ಕಿಲೋಪಾಸ್ಕಲ್ ಹತ್ತಿರ, ಬಂದಿದ್ದು 155 ದಾಟಲಿಲ್ಲ. ಕಿಟಕಿ ಇಳಿಸಿ ಕೇಳಿದರೆ ಬಾನೆಟ್ ಕೆಳಗಿಂದ ಸಣ್ಣಗೆ ಸುಯ್ ಅನ್ನುವ ಸದ್ದು. ಅಲ್ಲಿಯವರೆಗೆ ಅದು ನಮಗೆ ಟರ್ಬೊ ಸದ್ದಿನ ಹಾಗೇ ಕೇಳುತ್ತಿತ್ತು.

ವಾಪಸ್ ಬಂದು ಸ್ಮೋಕ್ ಟೆಸ್ಟ್. ಗಾಳಿ ಹೋಗುವ ಪೈಪ್‌ಗಳ ಒಳಗೆ ಹೊಗೆ ತುಂಬಿಸಿ ಎಲ್ಲಿಂದ ಹೊರಗೆ ಬರುತ್ತದೆ ಅಂತ ನೋಡುವುದು. ಏನೂ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ನಿಲ್ಲಿಸುತ್ತಿದ್ದರೇನೋ. ಇವರು ಹೊಗೆಯ ಒತ್ತಡ ಕಡಿಮೆ, ಅದಕ್ಕೆ ಸೀಳು ತೆರೆಯುತ್ತಿಲ್ಲ ಅಂದರು. ಟರ್ಬೊ ಕಡೆಯ ಪೈಪ್‌ಗೆ ಅಡಾಪ್ಟರ್ ಕೂರಿಸಿ, ರೆಗ್ಯುಲೇಟರ್ ಇಟ್ಟು ಕಂಪ್ರೆಸರ್‌ನಿಂದ ಸುಮಾರು ಒಂದು ಬಾರ್ ಗಾಳಿ ಬಿಟ್ಟು, ಪೈಪ್‌ಗಳ ಮೇಲೆಲ್ಲ ಸೋಪ್ ನೀರು ಹೊಡೆದರು. ಇಂಟರ್‌ಕೂಲರ್‌ನಿಂದ (ಟರ್ಬೊದ ಬಿಸಿ ಗಾಳಿ ತಣಿಸುವ ಭಾಗ) ಎಂಜಿನ್‌ಗೆ ಬರುವ ರಬ್ಬರ್ ಹೋಸ್‌ನ ಕೆಳಭಾಗದಲ್ಲಿ, ಕ್ಲ್ಯಾಂಪ್‌ನ ಪಕ್ಕದಲ್ಲೇ, ಬುಳುಬುಳು ಗುಳ್ಳೆ. ಮೇಲಿನಿಂದ ಎಷ್ಟು ಬಗ್ಗಿ ನೋಡಿದರೂ ಕಾಣದ ಜಾಗ. ಹೋಸ್ ಬಿಚ್ಚಿ ಕೈಯಲ್ಲಿ ಮಡಚಿದಾಗ ಬಾಯಿ ಬಿಟ್ಟಿತು. ಸುಮ್ನೆ ಇಟ್ಟರೆ ಮುಚ್ಚಿಕೊಳ್ಳುತ್ತದೆ. ಸುತ್ತ ಎಣ್ಣೆ ಪಸೆ, ಅದರ ಮೇಲೆ ಧೂಳು. ಇಂಥ ಪೈಪ್‌ನಲ್ಲಿ ಸ್ವಲ್ಪ ಎಣ್ಣೆ ಆವಿ ಓಡಾಡುವುದು ಸಹಜ, ಸೋರುವ ಜಾಗದಲ್ಲಿ ಅದು ಹೊರಗೆ ಬಂದು ಧೂಳು ಹಿಡಿಯುತ್ತದೆ.

ಇಲ್ಲಿ ಒಂದು ವಿಷಯ ನನಗೆ ಹೊಸದು. ಹಳೆಯ ಡೀಸೆಲ್ ಗಾಡಿಗಳಲ್ಲಿ ಈ ಹೋಸ್ ಸೀಳಿದರೆ ಹಿಂದಿನಿಂದ ಕರಿ ಹೊಗೆ ಬರುತ್ತಿತ್ತು, ಡ್ರೈವರ್‌ಗೆ ತಕ್ಷಣ ಗೊತ್ತಾಗುತ್ತಿತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮಕ್ಕೆ ಹೊಂದುವಂತೆ ನಮ್ಮಂಥ ಗಾಡಿಗಳಲ್ಲಿ ಹೊಗೆ ಕೊಳವೆಯಲ್ಲೇ ಡಿಪಿಎಫ್ ಅನ್ನುವ ಫಿಲ್ಟರ್ ಇದೆ. ಮಸಿಯನ್ನೆಲ್ಲ ಅದೇ ನುಂಗುತ್ತದೆ. ಹಾಗಾಗಿ ಹೊಗೆ ಕಾಣುವುದಿಲ್ಲ, ಗಾಡಿ ಚೆನ್ನಾಗಿದೆ ಅನಿಸುತ್ತದೆ. ಒಳಗೆ ಮಾತ್ರ ಗಾಳಿ ಸಾಲದೆ ಡೀಸೆಲ್ ಸರಿಯಾಗಿ ಉರಿಯದೆ ಮಸಿ ಜಾಸ್ತಿ ಆಗುತ್ತಾ, ಫಿಲ್ಟರ್ ಬೇಗ ಬೇಗ ತುಂಬುತ್ತಾ ಇರುತ್ತದೆ.

ಹೊಸ ಹೋಸ್ ಹಾಕಿದ ದಿನವೇ ಮಿಸ್ತ್ರಿ ಮುಂಚಿತವಾಗಿ ಎಚ್ಚರಿಸಿದ್ದರು. ಸ್ಕ್ಯಾನರ್‌ನಲ್ಲಿ ಮಸಿಯ ಮಟ್ಟ ಜಾಸ್ತಿ ಇದೆ, ಒಂದು ಹೈವೇ ಓಟ ಕೊಟ್ಟು ನೋಡಿ, ಇಳಿಯದಿದ್ದರೆ ಲೈಟ್ ಮತ್ತೆ ಬರುತ್ತದೆ, ಆಗ ಹೆದರಬೇಡಿ, ಅದು ಹಳೆಯ ದೋಷ ಅಲ್ಲ ಅಂತ. ಹೇಳಿದ ಹಾಗೇ ಆಯಿತು. ಮದುವೆ ಸೀಸನ್‌ನಲ್ಲಿ ಗಾಡಿ ಸಿಟಿ ಬಿಟ್ಟು ಹೊರಗೆ ಹೋಗಲೇ ಇಲ್ಲ, ಲೈಟ್ ಬಂತು. ಈ ಸಲ ಕೋಡ್ ಪಿ2463, ಅಂದರೆ ಫಿಲ್ಟರ್‌ನಲ್ಲಿ ಮಸಿ ಮಿತಿ ಮೀರಿದೆ. ಪಿ0299 ಇರಲಿಲ್ಲ. ಮೊದಲೇ ತಿಳಿಸಿದ್ದರಿಂದ ನಮ್ಮ ಮನೆಯಲ್ಲಿ ಯಾರೂ ಗಾಬರಿ ಆಗಲಿಲ್ಲ. ಇಲ್ಲದಿದ್ದರೆ ನಮ್ಮ ತಮ್ಮ ಆ ದಿನವೇ ಗಾಡಿ ಮಾರುವ ಮಾತು ತೆಗೆಯುತ್ತಿದ್ದ.

ಈ ಫಿಲ್ಟರ್ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ, ಅದಕ್ಕೆ ರೀಜನರೇಷನ್ ಅನ್ನುತ್ತಾರೆ. ಕಂಪ್ಯೂಟರ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಬಿಟ್ಟು ಫಿಲ್ಟರ್‌ನ ಬಿಸಿಯನ್ನು 550ರಿಂದ 600 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿ ಮಸಿ ಸುಡುತ್ತದೆ. ಅದಕ್ಕೆ ಒಂದೇ ಸಮನೆ ಓಡುವ ಗಾಡಿ ಬೇಕು. ಹೈವೇಯಲ್ಲಿ 60ರ ವೇಗದಲ್ಲಿ 20 ನಿಮಿಷ ಓಡಿದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. ನಮ್ಮ ಗಾಡಿ ಮಾರ್ಕೆಟ್ ಯಾರ್ಡ್‌ನಲ್ಲಿ ನಿಲ್ಲಿಸು, ಕೀ ತೆಗಿ, ತುಂಬು, ಮತ್ತೆ ಹೊರಡು. ಸುಡುವುದು ಶುರುವಾಗಿ ಅರ್ಧಕ್ಕೇ ನಿಲ್ಲುತ್ತದೆ. ಅರ್ಧಕ್ಕೆ ನಿಂತಾಗೆಲ್ಲ ಆ ಹೆಚ್ಚುವರಿ ಡೀಸೆಲ್‌ನಲ್ಲಿ ಸ್ವಲ್ಪ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ, ಆಯಿಲ್ ತೆಳ್ಳಗಾಗುತ್ತದೆ, ಅಳೆಯುವ ಕಡ್ಡಿಯಲ್ಲಿ ಮಟ್ಟ ಏರಿದ ಹಾಗೆ ಕಾಣುತ್ತದೆ. ಆಯಿಲ್ ಕಡಿಮೆ ಆದರೆ ಎಲ್ಲರೂ ನೋಡುತ್ತಾರೆ. ಜಾಸ್ತಿ ಆದರೂ ಕೇಡೇ ಅಂತ ನಮ್ಮ ಡ್ರೈವರ್‌ಗಳಿಗೆ ಯಾರೂ ಹೇಳಿಲ್ಲ.

ಮಿಸ್ತ್ರಿ ಮೊದಲು ಆ ಕಡ್ಡಿ ನೋಡಿದರು, ಮಟ್ಟ ಮೇಲಿತ್ತು. ಆಮೇಲೆ ಸ್ಕ್ಯಾನರ್‌ನಿಂದ ಕೈಯಾರೆ ರೀಜನರೇಷನ್ ಮಾಡಿದರು. ಶೆಡ್ ಒಳಗೆ ಮಾಡಲಿಲ್ಲ. ಹೊರಗೆ, ಒಣ ಹುಲ್ಲು, ಕಸ ಇಲ್ಲದ ಕಾಂಕ್ರೀಟ್ ಮೇಲೆ ನಿಲ್ಲಿಸಿ, ಅಗ್ನಿಶಾಮಕ ಸಿಲಿಂಡರ್ ಪಕ್ಕದಲ್ಲಿ ಇಟ್ಟುಕೊಂಡು, ಹಿಂದೆ ಯಾರೂ ನಿಲ್ಲದ ಹಾಗೆ ಹುಡುಗನನ್ನು ಕಾವಲು ಹಾಕಿದರು. ಅರ್ಧ ಗಂಟೆಯ ಮೇಲೆ ಹಿಡಿಯಿತು. ಮುಗಿದ ಮೇಲೆ ಆಯಿಲ್, ಫಿಲ್ಟರ್ ಬದಲು. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬರುವ ಆಯಿಲ್ಲೇ ಹಾಕಬೇಕು, ಮ್ಯಾನುಯಲ್‌ನಲ್ಲಿ ಬರೆದಿರುವ ದರ್ಜೆಯದ್ದೇ. ಮಸಿಯನ್ನು ಸುಡಬಹುದು, ಆಯಿಲ್‌ನಿಂದ ಬರುವ ಬೂದಿಯನ್ನು ಸುಡಲು ಆಗುವುದಿಲ್ಲ. ಅದು ಫಿಲ್ಟರ್‌ನಲ್ಲಿ ಕೂತುಬಿಡುತ್ತದೆ.

ನಾನು ಅವರನ್ನು ಜಾಸ್ತಿ ಮೆಚ್ಚಿಕೊಂಡಿದ್ದು ಇನ್ನೊಂದು ಕಾರಣಕ್ಕೆ. ಫಿಲ್ಟರ್ ಕಿತ್ತುಹಾಕಿ, ಕಂಪ್ಯೂಟರ್‌ನಲ್ಲಿ ಅದನ್ನು ಮುಚ್ಚಿಬಿಡಿ, ಮತ್ತೆ ಲೈಟೇ ಬರುವುದಿಲ್ಲ ಅಂತ ಒಬ್ಬ ಟ್ರಾನ್ಸ್‌ಪೋರ್ಟ್‌ನವರು ನನ್ನೆದುರೇ ಅವರಿಗೆ ಕೇಳಿದರು, ಒಳ್ಳೆ ದುಡ್ಡು ಕೊಡುತ್ತೇನೆ ಅಂದರು. ಇವರು ಖಡಾಖಂಡಿತವಾಗಿ ಆಗುವುದಿಲ್ಲ ಅಂದರು. ಕಂಪನಿ ಕೊಟ್ಟಿದ್ದನ್ನು ಹೀಗೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಂಗೆ ವಿರುದ್ಧ. ಕಾಯ್ದೆ ಬದಿಗಿಡಿ, ಆ ಮಸಿಯನ್ನೆಲ್ಲ ಸಿಗ್ನಲ್‌ನಲ್ಲಿ ಪಕ್ಕ ನಿಂತ ಸ್ಕೂಟರ್‌ನವರ ಮುಖಕ್ಕೆ ಬಿಡುವುದು ತಪ್ಪು. ಇದನ್ನು ಮಾಡಿಕೊಡುವವರು ಸಿಕ್ಕಿದ್ದಾರೆ ಅಂತ ಯಾರಾದರೂ ಖುಷಿಯಿಂದ ಹೇಳಿದರೆ ದಯವಿಟ್ಟು ಅವರ ಮಾತು ಕೇಳಬೇಡಿ.

ದುಡ್ಡಿನ ವಿಷಯ. ಪರೀಕ್ಷೆಗಳಿಗೆ ಅಂತ ಬೇರೆಯಾಗಿ 1500 ರೂಪಾಯಿ ತಗೊಂಡರು, ದೋಷ ಸಿಕ್ಕಿದರೂ ಸಿಗದಿದ್ದರೂ ಇದು ಕೊಡಬೇಕು ಅಂತ ಮೊದಲೇ ಹೇಳಿದ್ದರು. ನಮ್ಮ ಜನ ಇದಕ್ಕೆ ತಕರಾರು ತೆಗೆಯುತ್ತಾರೆ, ಪಾರ್ಟ್ ಹಾಕಿದರೆ ಕೊಡುತ್ತೇವೆ, ನೋಡಿದ್ದಕ್ಕೆಲ್ಲ ಯಾಕೆ ಕೊಡಬೇಕು ಅಂತ. ಆದರೆ ನೋಡುವುದೇ ಇಲ್ಲಿ ದೊಡ್ಡ ಕೆಲಸ. ನೋಡಿದ್ದಕ್ಕೆ ದುಡ್ಡು ಸಿಗದ ಮೆಕ್ಯಾನಿಕ್ ಪಾರ್ಟ್ ಮಾರಿಯೇ ಬದುಕಬೇಕಾಗುತ್ತದೆ, ಆಗ ಅವರ ಕಣ್ಣಿಗೆ ಪ್ರತಿ ಕೋಡ್ ಕೂಡ ಒಂದು ಪಾರ್ಟ್ ಆಗಿಯೇ ಕಾಣುತ್ತದೆ. ಹೋಸ್ ಮತ್ತು ಎರಡು ಹೊಸ ಕ್ಲ್ಯಾಂಪ್ ಸೇರಿ 2400, ಕೂಲಿ 800, ರೀಜನರೇಷನ್‌ಗೆ 2000. ಆಯಿಲ್ ನಾನೇ ತಂದುಕೊಟ್ಟೆ. ಹಳೆಯ ಹೋಸ್ ಕೇಳದೇನೇ ಕೈಗೆ ಕೊಟ್ಟರು. ಬಿಲ್‌ನ ಹಿಂದೆ ಮೊದಲಿನ ಒತ್ತಡ, ಆಮೇಲಿನ ಒತ್ತಡ ಎರಡೂ ಬರೆದಿದ್ದರು. ಹೋಸ್ ಹಾಕಿದ ಮೇಲೆ ಅದೇ ಫ್ಲೈಓವರ್‌ನಲ್ಲಿ ಕೇಳಿದ ಒತ್ತಡಕ್ಕೂ ಬಂದ ಒತ್ತಡಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಕೊರತೆಗಳೂ ಇವೆ. ಫೋನ್ ಎತ್ತುವುದಿಲ್ಲ, ಸಂಜೆ ತಾವೇ ವಾಪಸ್ ಮಾಡುತ್ತಾರೆ, ಕೆಲವೊಮ್ಮೆ ಮಾಡುವುದೂ ಇಲ್ಲ. ಸ್ಕ್ಯಾನರ್ ಒಂದೇ, ಅದು ಬೇರೆ ಗಾಡಿಯಲ್ಲಿದ್ದರೆ ಕಾಯಬೇಕು. ಕೂರಲು ಜಾಗ ಇಲ್ಲ, ಬಿಸಿಲು ನೇರವಾಗಿ ಬೀಳುತ್ತದೆ, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಮದುವೆ ಸೀಸನ್‌ನಲ್ಲಿ ಗಾಡಿ ಒಂದಿಡೀ ದಿನ ಬಿಟ್ಟು ಬರುವುದು ನಮ್ಮಂಥವರಿಗೆ ದೊಡ್ಡ ಕಷ್ಟ, ಆದರೆ ಬೆಳಗಿನ ತಣ್ಣಗಿನ ಎಂಜಿನ್ ನೋಡಬೇಕು ಅಂತ ಅವರು ಹಠ ಹಿಡಿಯುತ್ತಾರೆ, ಅವಸರ ಮಾಡಿದರೆ ಗಾಡಿ ತಗೊಂಡು ಹೋಗಿ ಅಂತಾರೆ. ಕೆಲವು ಕಂಪನಿಗಳ ಗಾಡಿಗೆ ರೀಜನರೇಷನ್ ಮಾಡುವ ಸಾಫ್ಟ್‌ವೇರ್ ಅವರ ಬಳಿ ಇಲ್ಲ. ಇಲ್ಲ ಅಂತ ಮೊದಲೇ ಹೇಳುತ್ತಾರೆ, ಅದು ಒಳ್ಳೆಯದು.

ಅವರ ಸಲಹೆ ಮೇಲೆ ಒಂದು ಅಗ್ಗದ ಬ್ಲೂಟೂತ್ ಒಬಿಡಿ ಡಾಂಗಲ್ ತಗೊಂಡೆ. ಸ್ಟೀರಿಂಗ್ ಕೆಳಗೆ 16 ಪಿನ್‌ನ ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಿ ಫೋನ್‌ನಲ್ಲಿ ಆ್ಯಪ್ ಹಾಕಿದರೆ ಕೋಡ್, ಫ್ರೀಜ್ ಫ್ರೇಮ್, ಕೂಲಂಟ್ ಬಿಸಿ, ಮ್ಯಾಪ್ ಸೆನ್ಸರ್ ಲೆಕ್ಕ ಕಾಣುತ್ತದೆ. ರೀಜನರೇಷನ್ ಮಾಡಿಸಲು, ಕಂಪನಿಯ ಸ್ವಂತ ಕೋಡ್ ಓದಲು ಇದು ಸಾಲುವುದಿಲ್ಲ. ಆದರೂ ಘಾಟ್‌ನಲ್ಲಿ ಲೈಟ್ ಬಂದ ಕೂಡಲೇ ಡ್ರೈವರ್ ಒಂದು ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಮುಂದೆ ಯಾರ ಹತ್ತಿರ ಹೋದರೂ ಅರ್ಧ ಕೆಲಸ ಮುಗಿದ ಹಾಗೆ. ಕೆಲಸ ಮುಗಿದ ಮೇಲೆ ಡಾಂಗಲ್ ತೆಗೆದಿಡಿ, ಹಾಗೇ ಬಿಟ್ಟರೆ ನಿಂತ ಗಾಡಿಯ ಬ್ಯಾಟರಿಯನ್ನು ನಿಧಾನಕ್ಕೆ ಹೀರಬಹುದು. ಇನ್ನೊಂದು, ಹಳದಿ ಎಂಜಿನ್ ಲೈಟ್‌ನಲ್ಲಿ ನಿಧಾನಕ್ಕೆ ಓಡಿಸಿಕೊಂಡು ಗ್ಯಾರೇಜ್ ತಲುಪಬಹುದು. ಆಯಿಲ್ ಒತ್ತಡದ ಕೆಂಪು ಲೈಟ್ ಬಂದರೆ ಅಲ್ಲೇ ಎಂಜಿನ್ ಆಫ್ ಮಾಡಬೇಕು. ನಿಮ್ಮ ಡ್ರೈವರ್‌ಗೆ ಎರಡರ ವ್ಯತ್ಯಾಸ ಇವತ್ತೇ ಹೇಳಿ.

ಈಗ ದಿವೆ ಘಾಟ್‌ನಲ್ಲಿ ಲೋಡ್ ಸಮೇತ ಗಾಡಿ ಮೊದಲಿನ ಹಾಗೆ ಎಳೆಯುತ್ತಿದೆ. ಸಿಟಿ ಕೆಲಸವೇ ಜಾಸ್ತಿ ಇದ್ದ ವಾರದಲ್ಲಿ ಡ್ರೈವರ್‌ಗೆ ನಾಶಿಕ್ ಹೈವೇಯಲ್ಲಿ ಚಾಕಣ್‌ವರೆಗೆ ಹೋಗಿ ಬಾ ಅಂತ ಹೇಳುತ್ತೇನೆ, ಬೆಳಗಿನ ಜಾವ, ಟ್ರಾಫಿಕ್ ಶುರುವಾಗುವ ಮೊದಲು. ಆ ಡೀಸೆಲ್ ಖರ್ಚು ನನಗೆ ಭಾರ ಅನಿಸಿಲ್ಲ.

ಗ್ಯಾರೇಜ್ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಗುರುವಾರ ರಜೆ, ಯುಪಿಐ ನಡೆಯುತ್ತದೆ. ಕನ್ನಡ, ಮರಾಠಿ, ಹಿಂದಿ ಮೂರೂ ಆಗುತ್ತದೆ. ಇದೇ ತೊಂದರೆ ಇರುವವರು ಕೇಳಿದರೆ ದಾರಿ ಹೇಳುತ್ತೇನೆ. ಹೋಗುವಾಗ ಗಾಡಿಯಲ್ಲಿ ಲೋಡ್ ಇರಲಿ, ಕೋಡ್ ಅಳಿಸಿರಬೇಡಿ.